ಶಂಖದ ಹುಳುವಿನ ಶುಶ್ರೂಷೆ: ಜೀವದಯೆಯ ಚರಿತ್ರೆಯಲ್ಲಿ ಕೆಲವು ಪುಟಗಳು

ಈ ಪ್ರತಿಷ್ಠಾ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸ ವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಆಗ್ರಹಪಡಿಸಿದಾಗ ನಾನು ಬಹಳ ಸಂಕೋಚಪಟ್ಟೆನು. ನಾನು ಪಂಡಿತನಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮರುವರ್ಷವೇ ತಂದೆಯವರ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಬಾರಕೂರಿನ ಬಸದಿಗಳ ವಿಚಾರವನ್ನೂ, ಹಟ್ಟಿಯಂಗಡಿಯ ಜೈನ ಪರಂಪರೆಯನ್ನೂ, ಹೊಸಂಗಡಿಯ ಹೊನ್ನೆಯಕಂಬಳಿ ಅರಸರ ಕಾಲವನ್ನೂ ಶಾಸನಗಳ ಆಧಾರದಿಂದ ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿದ್ದಾರೆ. ಆ ಕೆಲಸ ಅವರದು. ನಾನು ಬರೆಯಹೊರಟಿರುವುದು ಅರಸರ ಇತಿಹಾಸವಲ್ಲ. ಗಾಯಗೊಂಡ ಮೂಕಜೀವಿಯೊಂದನ್ನು ಎತ್ತಿಕೊಂಡು ಬದುಕಿಸುವ ಪದ್ಧತಿ ನಮ್ಮ ಸಮಾಜದಲ್ಲಿ ಎಂದಿನಿಂದ ಹೇಗೆ ನಡೆದುಬಂದಿತೆಂಬುದರ ಇತಿಹಾಸ. ಇದಕ್ಕೆ ಕಾರಣವಾದದ್ದು ಒಂದು ಶಂಖದ ಹುಳು. ಬಯಲುಸೀಮೆಯವರು ಬಸವನಹುಳು ಎನ್ನುವರಲ್ಲ, ಅದೇ.

ಕಳೆದ ಆಷಾಢ ಮಾಸದಲ್ಲಿ ಬಸದಿಯ ಜೀರ್ಣೋದ್ಧಾರದ ಕಾರ್ಯ ಮಳೆಯ ನಡುವೆಯೂ ನಿಲ್ಲದೆ ಸಾಗಿದ್ದಿತು. ನಮ್ಮ ಶಂಕರನಾರಾಯಣದ ಕಡೆಯ ಮಳೆಯನ್ನು ಕುರಿತು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ವಾರಾಹಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಪ್ರಾಕಾರದ ಗೋಡೆಗಳಲ್ಲಿ ಹಾವಸೆ ಕಟ್ಟಿತ್ತು. ಒಂದು ಸಂಜೆ ಮುರಕಲ್ಲಿನ ಲೆಕ್ಕ ನೋಡಲೆಂದು ಹೋದವನು ಅಂಗಳದಲ್ಲಿ ಕಲ್ಲುಗಳನ್ನು ಎಣಿಸುತ್ತ ಎಣಿಸುತ್ತ ಹಿಂದಕ್ಕೆ ಹೆಜ್ಜೆಯಿಟ್ಟೆನು. ಹಿಮ್ಮಡಿಯ ಕೆಳಗೆ ಕರಕ್ ಎಂದಿತು. ಬರಿಗಾಲಾದುದರಿಂದ ಶಬ್ದಕ್ಕಿಂತ ಮೊದಲೇ ಸ್ಪರ್ಶಕ್ಕೆ ತಿಳಿಯಿತು. ಕಾಲೆತ್ತಿ ನೋಡಿದರೆ ಅಂಗೈ ಅಗಲದ ಶಂಖದ ಹುಳು. ಚಿಪ್ಪಿನ ಬಾಯಿಯ ಕಡೆಯ ಅಂಚು ಮುರಿದು, ಅಲ್ಲಿಂದ ಮೇಲಕ್ಕೆ ಎರಡು ಬಿರುಕುಗಳು ಹೋಗಿದ್ದವು. ಒಳಗಿನ ಜೀವಿ ನೊರೆ ಕಾರುತ್ತ ಮುದುಡಿಕೊಂಡಿತ್ತು.

ನಾನು ಮಾಡಿದ ಮೊದಲ ಆಲೋಚನೆಯನ್ನು ಮುಚ್ಚಿಡುವುದಿಲ್ಲ. ಅದನ್ನು ಬೇಲಿಯಾಚೆಗೆ ಸರಿಸಿ, ಮನೆಗೆ ಹೋಗಿ ಪ್ರತಿಕ್ರಮಣ ಪಾಠವನ್ನು ಓದಿ ಮುಗಿಸೋಣವೆಂದು ಯೋಚಿಸಿದ್ದೆನು. ದರ್ಶನಕ್ಕೆ ಬಂದಿದ್ದ, ಎಂಬತ್ತು ದಾಟಿದ ನನ್ನ ತಾಯಿಯವರು ಜಗಲಿಯ ಮೇಲಿನಿಂದಲೇ ಇದನ್ನು ಕಂಡು, "ಮೆಟ್ಟಿದವ ನೀನೇ ಅಲ್ದಾ ಮಗಾ, ನೋಡ್ಕಂಬುದೂ ನೀನೇ" ಎಂದರು. ಆ ಮಾತಿಗೆ ಎದುರಾಡುವಂತಿರಲಿಲ್ಲ. ಬಾಳೆಯ ಎಲೆಯೊಂದರಲ್ಲಿ ಅದನ್ನು ಎತ್ತಿಕೊಂಡೆವು.

ನಮ್ಮ ಆಗಮಗಳ ಪ್ರಕಾರ ಶಂಖ, ಸಿಂಪಿ, ಎರೆಹುಳು ಮುಂತಾದವು ದ್ವೀಂದ್ರಿಯ ಜೀವಿಗಳು. ಸ್ಪರ್ಶನ ಮತ್ತು ರಸನ, ಇವೆರಡೇ ಇಂದ್ರಿಯಗಳು. ಅವುಗಳ ಜೊತೆಗೆ ಕಾಯಬಲ, ವಚನಬಲ, ಆಯು, ಉಚ್ಛ್ವಾಸ ಸೇರಿ ಒಟ್ಟು ಆರು ಪ್ರಾಣಗಳು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯವನ್ನು ಏರಿಸುತ್ತ ಹೋಗಿರುವುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಶಾಲೆಯಲ್ಲಿ ವಿಜ್ಞಾನ ಕಲಿತ ನನ್ನ ಮಗನು ಮಾತ್ರ, ಶಂಖದ ಹುಳುವಿನ ಉದ್ದ ಕೊಂಬುಗಳ ತುದಿಯಲ್ಲಿ ಬೆಳಕನ್ನು ಅರಿಯುವ ಕಣ್ಣುಗಳಿವೆಯೆಂದೂ, ಅದು ವಾಸನೆಯನ್ನೂ ಗ್ರಹಿಸುವುದೆಂದೂ ವಾದಿಸಿದನು. ಜೀವಶಾಸ್ತ್ರದ ಪುಸ್ತಕಗಳಲ್ಲಿ ಹಾಗೆಯೇ ಇದೆ. ಈ ಎರಡು ಲೆಕ್ಕಗಳನ್ನು ತಾಳೆ ಹಾಕುವ ಕೆಲಸವನ್ನು ತ್ಯಾಗಿಗಳಿಗೂ ಪಂಡಿತರಿಗೂ ಬಿಟ್ಟುಕೊಡುತ್ತೇನೆ. ನಮ್ಮ ಪೂರ್ವಾಚಾರ್ಯರು ಇಂದ್ರಿಯಗಳನ್ನು ಎಣಿಸಿದ್ದು ಯಾವ ಜೀವಿಯನ್ನು ಲೆಕ್ಕದಿಂದ ಬಿಡಬಹುದೆಂದು ತಿಳಿಯುವುದಕ್ಕಲ್ಲ, ಯಾವುದೂ ಬಿಟ್ಟುಹೋಗಬಾರದೆಂಬುದಕ್ಕೆ ಎಂದು ಮಾತ್ರ ನನಗೆ ತೋರುತ್ತದೆ. ಭಾರತ ಸರಕಾರದ 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣ ಕಾಯಿದೆಯಲ್ಲಿಯೂ 'ಪ್ರಾಣಿ' ಎಂದರೆ ಮನುಷ್ಯನನ್ನುಳಿದ ಯಾವುದೇ ಜೀವಿ ಎಂದು ಅರ್ಥ ಹೇಳಿದೆ. ಹೀಗಾಗಿ ನನ್ನ ಹಿಮ್ಮಡಿಗೆ ಸಿಕ್ಕಿದ್ದು ಕಾನೂನಿನ ದೃಷ್ಟಿಯಲ್ಲಿಯೂ ಪ್ರಾಣಿಯೇ.

ಈಗ ಇತಿಹಾಸಕ್ಕೆ ಬರೋಣ.

ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡನ್ನು ಮಾಡಿದ ವಿಷಯವನ್ನು ಕಲ್ಲಿನಲ್ಲಿ ಕೊರೆಸಿದವನು ಮೌರ್ಯ ಚಕ್ರವರ್ತಿ ಅಶೋಕ. ಅವನ ಎರಡನೆಯ ಬಂಡೆಗಲ್ಲ ಶಾಸನದಲ್ಲಿ ಈ ಏರ್ಪಾಡು ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿಯೂ ನಡೆದಿದೆಯೆಂಬ ಮಾತಿದೆ. ಸತಿಯಪುತ್ರರ ನಾಡೆಂದರೆ ನಮ್ಮ ತುಳುನಾಡೇ ಎಂದು ಹಿಂದಿನ ಕೆಲವು ವಿದ್ವಾಂಸರು ಊಹಿಸಿದ್ದುಂಟು. ನಾನೂ ಬಹುಕಾಲ ಹಾಗೆಯೇ ನಂಬಿ, ನಮ್ಮ ಕರಾವಳಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಪಶುಚಿಕಿತ್ಸಾಲಯವಿತ್ತೆಂದು ಹೆಮ್ಮೆಪಟ್ಟುಕೊಂಡಿದ್ದೆನು. ಆದರೆ 1981ರಲ್ಲಿ ತಮಿಳುನಾಡಿನ ಜಂಬೈ ಎಂಬಲ್ಲಿ ದೊರೆತ ಬ್ರಾಹ್ಮೀ ಶಾಸನದಿಂದ ಆ ಹೆಸರು ತಗಡೂರಿನ ಅದಿಯಮಾನ್ ಅರಸರಿಗೆ ಸೇರಿದ್ದೆಂದು ಗೊತ್ತಾಯಿತು. ಹೆಮ್ಮೆಯನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳಬೇಕಾಯಿತು. ಇತಿಹಾಸದ ಓದಿನಲ್ಲಿ ಇಂತಹ ನಷ್ಟಗಳು ಸಹಜ. ವ್ಯಾಪಾರದಲ್ಲಿದ್ದವನಿಗೆ ಇದು ಹೊಸತೇನಲ್ಲ.

ಕನ್ನಡ ನಾಡಿನ ಜೈನರ ಕೊಡುಗೆಯಾದರೋ ಊಹೆಯ ಮೇಲೆ ನಿಂತದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆ ರೋಗಗಳಿಗೆ ಚಿಕಿತ್ಸೆ ಹೇಳುವುದು ಅದರ ವೈಶಿಷ್ಟ್ಯ. ಮಾಂಸವನ್ನು ಔಷಧವೆಂದು ಬಳಸುವುದು ಸಲ್ಲದೆಂದು ಆಚಾರ್ಯರು ಅರಸನ ಆಸ್ಥಾನದಲ್ಲಿಯೇ ವಾದಿಸಿದ ಪ್ರಸಂಗವೂ ಆ ಗ್ರಂಥಕ್ಕೆ ಸೇರಿಕೊಂಡಿದೆ. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ಆಗಲೇ ರಾಜಸಭೆಯನ್ನು ಮುಟ್ಟಿತ್ತೆಂಬುದನ್ನು ಓದುಗರು ಗಮನಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜವಂಶದವನೇ ಆದ ಕೀರ್ತಿವರ್ಮನೆಂಬ ಜೈನ ಕವಿ 'ಗೋವೈದ್ಯ'ವನ್ನು ಬರೆದನು. ದನಕರುಗಳ ರೋಗ, ಅವುಗಳಿಗೆ ಮದ್ದು, ಇದೇ ಅದರ ವಸ್ತು. ಕನ್ನಡದ ಅತಿ ಪ್ರಾಚೀನ ಪಶುವೈದ್ಯ ಗ್ರಂಥವೆಂದು ಅದನ್ನು ಪರಿಗಣಿಸುತ್ತಾರೆ. ಅರಮನೆಯಲ್ಲಿ ಹುಟ್ಟಿದವನು ಕೊಟ್ಟಿಗೆಯ ಕೆಲಸವನ್ನು ಕುರಿತು ಗ್ರಂಥ ರಚಿಸಿದನೆಂಬುದು ನನಗೆ ಯುದ್ಧಗಳ ವರ್ಣನೆಗಿಂತ ಹೆಚ್ಚು ಪ್ರಿಯವಾದ ಸಂಗತಿ.

ಪುರಾಣಗಳಿಗೆ ಬಂದರೆ ಉದಾಹರಣೆಗಳಿಗೆ ಮಿತಿಯಿಲ್ಲ. ಪಾರ್ಶ್ವನಾಥ ಸ್ವಾಮಿಯು ಕುಮಾರನಾಗಿದ್ದಾಗ ತಾಪಸನ ಅಗ್ನಿಕುಂಡದ ಕೊರಡಿನೊಳಗೆ ಬೇಯುತ್ತಿದ್ದ ನಾಗದಂಪತಿಗಳನ್ನು ಕಂಡ ಕಥೆ, ನೇಮಿನಾಥ ಸ್ವಾಮಿಯು ತನ್ನ ಮದುವೆಯ ಊಟಕ್ಕಾಗಿ ಕೂಡಿಹಾಕಿದ್ದ ಮೃಗಗಳ ಕೂಗನ್ನು ಕೇಳಿ ರಥವನ್ನು ತಿರುಗಿಸಿದ ಕಥೆ, ಇವು ಎಲ್ಲರೂ ಬಲ್ಲವೇ. ಜನ್ನಕವಿಯು 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಜೀವಂಧರ ಕುಮಾರನ ಕಥೆ. ವಾದೀಭಸಿಂಹ ಸೂರಿಯ 'ಕ್ಷತ್ರಚೂಡಾಮಣಿ'ಯಲ್ಲಿ ಬರುವ ಈ ಕಥೆಯನ್ನು ಭಾಸ್ಕರ ಕವಿಯು 1424ರಲ್ಲಿ ಭಾಮಿನೀ ಷಟ್ಪದಿಯಲ್ಲಿ ಹಾಡಿದ್ದಾನೆ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದರ ಬಳಿ ರಾಜಕುಮಾರನು ಕುಳಿತು, ಅದನ್ನು ಉಳಿಸಲಾಗದೆಂದು ತಿಳಿದ ಮೇಲೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತಾನೆ. ಆ ನಾಯಿ ಯಕ್ಷನಾಗಿ ಹುಟ್ಟಿ ಅವನ ಉಪಕಾರವನ್ನು ಸ್ಮರಿಸುತ್ತದೆ. ಕಿವಿಯಿಲ್ಲದ ಶಂಖದ ಹುಳುವಿಗೆ ಏನು ಮಾಡುವುದು? ಅದಕ್ಕೂ ನಮ್ಮ ತಾಯಿಯವರು ಮಂತ್ರವನ್ನು ಹೇಳಿದರೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಕೇಳಿಸದಿದ್ದರೆ ನಮಗಾದರೂ ಕೇಳಿಸುತ್ತದಲ್ಲ ಎಂಬುದು ಅವರ ಸಮಾಧಾನ.

ವರ್ತಕ ಬಂಧುಗಳು ವಿಶೇಷವಾಗಿ ಅರಿಯಬೇಕಾದ ಒಂದು ಪ್ರಸಂಗ ಗುಜರಾತಿನದು. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವದಿಂದ ಚಾಲುಕ್ಯ ಕುಮಾರಪಾಲನು ರಾಜ್ಯದಲ್ಲೆಲ್ಲ ಅಮಾರಿ ಘೋಷಣೆಯನ್ನು, ಅಂದರೆ ಕೊಲ್ಲಬಾರದೆಂಬ ಆಜ್ಞೆಯನ್ನು ಹೊರಡಿಸಿದನು. ಆ ಕಾಲದಲ್ಲಿ ಧನಿಕ ವರ್ತಕನೊಬ್ಬನು ಒಂದು ಹೇನನ್ನು ಬೇಕೆಂದೇ ಹೊಸಕಿದನಂತೆ. ಅವನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡು, ಅದೇ ಹಣದಿಂದ ಅಣಹಿಲ್ಲಪುರದಲ್ಲಿ ಒಂದು ಜಿನಾಲಯವನ್ನು ಕಟ್ಟಿಸಲಾಯಿತೆಂದೂ, ಅದಕ್ಕೆ 'ಯೂಕಾ ವಿಹಾರ' ಅಂದರೆ ಹೇನಿನ ಬಸದಿ ಎಂದು ಹೆಸರಾಯಿತೆಂದೂ ಮೇರುತುಂಗ ಸೂರಿಯು ಹದಿನಾಲ್ಕನೆಯ ಶತಮಾನದ ಆರಂಭದ 'ಪ್ರಬಂಧಚಿಂತಾಮಣಿ'ಯಲ್ಲಿ ಹೇಳಿದ್ದಾನೆ. ದಂಡನೆ ವಿಪರೀತವಾಯಿತೆಂದು ನನ್ನ ಅಭಿಪ್ರಾಯ. ಆದರೂ ನಮ್ಮ ಬಸದಿಯ ದೇಣಿಗೆ ಪಟ್ಟಿಯಲ್ಲಿ ನನ್ನ ಹೆಸರನ್ನು ಕಂಡಾಗಲೆಲ್ಲ ಆ ವರ್ತಕನ ನೆನಪು ಬರುತ್ತಿದೆ.

ಪಿಂಜರಾಪೋಲುಗಳು, ಅಂದರೆ ಪಶುಪಕ್ಷಿಗಳ ಆಶ್ರಯಶಾಲೆಗಳು, ಗುಜರಾತಿನಲ್ಲಿ ಬೇರೂರಿದ ಸಂಸ್ಥೆಗಳು. ಹದಿನಾರನೆಯ ಶತಮಾನದ ಕೊನೆಯಲ್ಲಿ ಬಂದ ಆಂಗ್ಲ ವರ್ತಕ ರಾಲ್ಫ್ ಫಿಚ್ ಖಂಭಾತಿನಲ್ಲಿ ಕುಂಟು ನಾಯಿ, ಬೆಕ್ಕು, ಪಕ್ಷಿಗಳಿಗೆ ಆಸ್ಪತ್ರೆಗಳಿದ್ದುದನ್ನು ಬರೆದಿದ್ದಾನೆ. ಅವನಿಗಿಂತ ನಮಗೆ ಆತ್ಮೀಯನಾಗಬೇಕಾದವನು ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲೆ. ಈತನು 1623ರಲ್ಲಿ ಖಂಭಾತಿನ ಪಕ್ಷಿಗಳ ಆಸ್ಪತ್ರೆಯನ್ನು ಒಳಹೊಕ್ಕು ನೋಡಿದನು. ರೋಗದಿಂದ, ಗಾಯದಿಂದ, ಜೊತೆಯಿಲ್ಲದ್ದರಿಂದ ನರಳುವ ಹಕ್ಕಿಗಳನ್ನು ಅಲ್ಲಿ ಸಾಕುತ್ತಿದ್ದರು. ಗುಣವಾದ ಕಾಡುಹಕ್ಕಿಗಳನ್ನು ಹಾರಿಬಿಡುತ್ತಿದ್ದರು. ಆದರೆ ಅವನನ್ನು ಅತ್ಯಂತ ಬೆರಗುಗೊಳಿಸಿದ್ದು ತಾಯಿಯಿಲ್ಲದ ಕೆಲವು ಇಲಿಮರಿಗಳು. ಬಿಳಿಯ ಗಡ್ಡದ ವೃದ್ಧರೊಬ್ಬರು ಅವುಗಳನ್ನು ಹತ್ತಿಯ ನಡುವೆ ಪೆಟ್ಟಿಗೆಯೊಂದರಲ್ಲಿ ಇರಿಸಿಕೊಂಡು, ಮೂಗಿನ ಮೇಲೆ ಕನ್ನಡಕವನ್ನು ಏರಿಸಿ, ಹಕ್ಕಿಯ ಗರಿಯಿಂದ ಹನಿಹನಿಯಾಗಿ ಹಾಲು ಕುಡಿಸುತ್ತಿದ್ದರಂತೆ. ದೊಡ್ಡವಾದ ಮೇಲೆ ಅವನ್ನು ಬಿಟ್ಟುಬಿಡುವೆವೆಂದು ಅವರು ಹೇಳಿದರು.

ಇದೇ ಪ್ರವಾಸಿ ಅದೇ 1623ರ ಕೊನೆಯಲ್ಲಿ ಪೋರ್ಚುಗೀಸರ ರಾಯಭಾರಿಯೊಂದಿಗೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಘಟ್ಟವಿಳಿದು ನಮ್ಮ ಬಸರೂರಿಗೆ ಬಂದನು. ಅಲ್ಲಿಂದ ಮಂಗಳೂರು, ಉಳ್ಳಾಲಗಳಿಗೆ ಹೋದನು. ವಾರಾಹಿಯ ದಡದ ಬಸರೂರು ಶಂಕರನಾರಾಯಣಕ್ಕೆ ದೂರವೇನಲ್ಲ. ಇಲಿಮರಿಗೆ ಹಾಲು ಕುಡಿಸಿದ ಕೈಗಳನ್ನು ಕಂಡ ಕಣ್ಣುಗಳೇ ಅದೇ ವರ್ಷದಲ್ಲಿ ನಮ್ಮ ಹೊಳೆಯನ್ನೂ ಕಂಡವೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅವನು ಬರುವ ಹೊತ್ತಿಗೆ ಗೇರುಸೊಪ್ಪೆಯ ಜೈನ ಅರಸುಮನೆತನದ ವೈಭವ ಮುಗಿದುಹೋಗಿತ್ತು. ಬಾರಕೂರಿನ ಉಚ್ಛ್ರಾಯವೂ ಕಳೆದಿತ್ತು. ನಮ್ಮ ಕಡೆ ಅಂತಹ ಆಸ್ಪತ್ರೆಯನ್ನು ಅವನು ವರ್ಣಿಸಿಲ್ಲ. ಗುಜರಾತಿನಲ್ಲಿ ಮಹಾಜನರ ಸಂಘಟನೆ, ನಗರಗಳ ಸಂಪತ್ತು ಇದ್ದುದರಿಂದ ದಯೆಯು ಕಟ್ಟಡದ ರೂಪವನ್ನು ತಾಳಿತು. ಚದುರಿದ ಮನೆಗಳ ನಮ್ಮ ಕರಾವಳಿಯಲ್ಲಿ ಅದು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ನೀರು ಸೋಸುವ ಬಟ್ಟೆಯಲ್ಲಿ ಉಳಿಯಿತು ಎಂದು ನಾನು ಭಾವಿಸಿದ್ದೇನೆ.

ಓವಿಂಗ್ಟನ್ ಎಂಬ ಆಂಗ್ಲ ಪಾದ್ರಿಯು 1689ರಲ್ಲಿ ಸೂರತ್ತಿಗೆ ಬಂದವನು, ಅಲ್ಲಿ ತಿಗಣೆ ಚಿಗಟಗಳಿಗೂ ಒಂದು ಆಸ್ಪತ್ರೆಯಿದೆಯೆಂದೂ, ಅವುಗಳ ಆಹಾರಕ್ಕಾಗಿ ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿಯೆಲ್ಲ ಮಂಚದ ಮೇಲೆ ಮಲಗಿಸುವರೆಂದೂ ಬರೆದನು. ಪರಿಹಾಸ್ಯಕ್ಕಾಗಿ ಇದನ್ನು ಎಷ್ಟು ಉಬ್ಬಿಸಿದರೋ! ಆದರೆ ಗುಜರಾತಿನ ಪಿಂಜರಾಪೋಲುಗಳಲ್ಲಿ 'ಜೀವಾತ್ ಖಾನೆ' ಎಂಬ ಕೋಣೆಗಳಿದ್ದುದು ನಿಜ. ಹುಳು ಹಿಡಿದ ಧಾನ್ಯವನ್ನು ಹುಳುಗಳ ಸಮೇತ ಅಲ್ಲಿ ಸುರಿದು, ಅವು ತಮ್ಮ ಆಯುಷ್ಯವನ್ನು ಅಲ್ಲಿಯೇ ಮುಗಿಸಲೆಂದು ಬಿಟ್ಟುಬಿಡುತ್ತಿದ್ದರು. ಇದನ್ನು ಓದಿದಾಗ ನನ್ನ ತಂದೆಯವರ ನೆನಪಾಯಿತು. ಹೆಸರುಕಾಳಿಗೋ ಅಕ್ಕಿಗೋ ಹುಳು ಬಿದ್ದರೆ ಅವರು ಬಿಸಿಲಿಗೆ ಹಾಕಗೊಡುತ್ತಿರಲಿಲ್ಲ. ನೆರಳಿನಲ್ಲಿಯೇ ಗೆರಸಿಯಲ್ಲಿ ಕೇರಿಸಿ, ಬಿದ್ದದ್ದನ್ನೆಲ್ಲ ಹಿತ್ತಿಲ ಹಲಸಿನ ಮರದ ಬುಡಕ್ಕೆ ಒಯ್ದು ಹಾಕಿಸುತ್ತಿದ್ದರು. ಜೀವಾತ್ ಖಾನೆಯ ಹೆಸರನ್ನೂ ಅವರು ಕೇಳಿದವರಲ್ಲ.

ಮುಂಬಯಿಯ ಪಿಂಜರಾಪೋಲು ಸ್ಥಾಪನೆಯಾದದ್ದು 1834ರಲ್ಲಿ. ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಕ್ರಮವನ್ನು ವಿರೋಧಿಸಿ 1832ರಲ್ಲಿ ನಗರದಲ್ಲಿ ದೊಂಬಿಯೇ ಆಗಿತ್ತು. ಬಳಿಕ ಪಾರಸಿ ಮಹನೀಯರಾದ ಜಮ್ಸೆಟ್‌ಜಿ ಜೀಜಿಭಾಯಿಯವರು ಜೈನ ವರ್ತಕರೊಡಗೂಡಿ ಈ ಸಂಸ್ಥೆಯನ್ನು ಕಟ್ಟಿದರು. ವರ್ತಕರು ತಮ್ಮ ವ್ಯಾಪಾರದ ಮೇಲೆ ತಾವೇ ಒಂದು ಲಾಗವನ್ನು ವಿಧಿಸಿಕೊಂಡು ಅದರ ಖರ್ಚನ್ನು ತುಂಬಿದರು. ದಿಲ್ಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯನ್ನು ಯಾತ್ರೆಗೆ ಹೋದ ನಮ್ಮವರಲ್ಲಿ ಅನೇಕರು ನೋಡಿರಬಹುದು. ಅಲ್ಲಿ ಕಾಳು ತಿನ್ನುವ ಹಕ್ಕಿಗಳಿಗೆ ಒಳರೋಗಿಗಳಾಗಿ ಇರಲು ಅವಕಾಶವಿದೆ. ಮಾಂಸ ತಿನ್ನುವ ಹದ್ದು ಗಿಡುಗಗಳಿಗೆ ಚಿಕಿತ್ಸೆ ಮಾತ್ರ, ವಾಸ್ತವ್ಯವಿಲ್ಲ. ದಯೆಗೂ ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಾಗುತ್ತದೆ. ಆ ಗೆರೆಯ ಕಷ್ಟವೇನೆಂಬುದು ನನಗೆ ಈ ಮಳೆಗಾಲದಲ್ಲಿ ಸ್ವಂತ ಅನುಭವಕ್ಕೆ ಬಂದಿತು. ಅದನ್ನು ಹೇಳುವ ಮೊದಲು ನಮ್ಮ ರೋಗಿಯ ಸಮಾಚಾರವನ್ನು ಹೇಳಿಬಿಡುತ್ತೇನೆ.

ಪರಿಚಯದ ಪಶುವೈದ್ಯರೊಬ್ಬರನ್ನು ದೂರವಾಣಿಯಲ್ಲಿ ವಿಚಾರಿಸಿದೆನು. ಅವರು ನಗಲಿಲ್ಲ. ಚಿಪ್ಪೆಂಬುದು ಹೊರಗಿನ ಮನೆಯಲ್ಲ, ಅದರ ದೇಹಕ್ಕೆ ಅಂಟಿಕೊಂಡ ಅಂಗವೆಂದೂ, ಹೊರಗೆಳೆಯಲು ಯತ್ನಿಸಿದರೆ ಸಾಯುವುದೆಂದೂ ಎಚ್ಚರಿಸಿದರು. ಚಿಪ್ಪನ್ನು ಸ್ರವಿಸುವುದು ಒಳಗಿನ ಮೃದುವಾದ ಪೊರೆ. ಆ ಪೊರೆ ಹರಿದಿದ್ದರೆ ಆಸೆಯಿಲ್ಲ. ಹರಿಯದೆ ಅಂಚು ಮಾತ್ರ ಮುರಿದಿದ್ದರೆ, ಒಳಗಿನಿಂದ ಹೊಸ ಪದರವನ್ನು ಹೊದಿಸಿಕೊಂಡು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ನಾವು ಮಾಡಬೇಕಾದದ್ದು ಕಡಿಮೆ: ನೆರಳು, ತೇವ, ಮೆತ್ತನೆಯ ಆಹಾರ, ಮತ್ತು ಸುಣ್ಣದ ಅಂಶ. ಈ ಜಾತಿಯ ಹುಳುಗಳಲ್ಲಿ ಮನುಷ್ಯರಿಗೆ ರೋಗ ತರುವ ಸೂಕ್ಷ್ಮ ಕ್ರಿಮಿಗಳು ಇರಬಹುದಾದುದರಿಂದ ಬರಿಗೈಯಿಂದ ಮುಟ್ಟಬಾರದು, ಮುಟ್ಟಿದರೆ ಸಾಬೂನಿನಿಂದ ತೊಳೆಯಬೇಕು ಎಂದೂ ಹೇಳಿದರು.

ಸುಣ್ಣದ ಅಂಶಕ್ಕೆ ಕೋಳಿಮೊಟ್ಟೆಯ ಸಿಪ್ಪೆಯನ್ನು ಪುಡಿಮಾಡಿ ಇಡಿರೆಂದು ವೈದ್ಯರು ಸೂಚಿಸಿದರು. ಅದು ನಮ್ಮ ಮನೆಯೊಳಗೆ ಬರುವ ವಸ್ತುವಲ್ಲ. ಎಲೆಯಡಿಕೆಯ ಸುಣ್ಣವನ್ನು ಇಡೋಣವೆಂದರೆ ಅದು ಮೈಯನ್ನು ಸುಡುತ್ತದೆ. ಆಗ ತಾಯಿಯವರು ಬಸದಿಯ ಹಿಂದೆ ರಾಶಿ ಬಿದ್ದಿದ್ದ ಹಳೆಯ ಗಾರೆಯ ತುಂಡುಗಳನ್ನು ತೋರಿಸಿದರು. ಮಳೆಗಾಲದಲ್ಲಿ ಶಂಖದ ಹುಳುಗಳು ಸುಣ್ಣ ಬಳಿದ ಗೋಡೆಯನ್ನೇರಿ ಕೆರೆಯುವುದನ್ನು ಅವರು ಬಾಲ್ಯದಿಂದಲೂ ಕಂಡಿದ್ದರು. ಬಹುಕಾಲ ಗಾಳಿಗೆ ಒಡ್ಡಿಕೊಂಡ ಗಾರೆಯಲ್ಲಿ ಸುಣ್ಣದ ಖಾರ ಉಳಿಯದೆ ಅದು ಮತ್ತೆ ಕಲ್ಲಿನಂತೆಯೇ ಆಗಿರುತ್ತದೆಂದು ವೈದ್ಯರೂ ಒಪ್ಪಿದರು. ಈ ಗಾರೆಯ ಸುಣ್ಣವಾದರೂ ಯಾವುದು? ಸಿಮೆಂಟು ಬರುವ ಮೊದಲು ನಮ್ಮ ಕರಾವಳಿಯವರು ಹೊಳೆಬಾಯಿಗಳ ಚಿಪ್ಪುಗಳನ್ನು ರಾಶಿ ಹಾಕಿ, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪಿನ ಜೀವಿಗಳೂ ದ್ವೀಂದ್ರಿಯಗಳೇ. ಎಂದೋ ಅಳಿದ ಅವುಗಳ ಕವಚಗಳು ತೀರ್ಥಂಕರರ ಗರ್ಭಗೃಹಕ್ಕೆ ಗೋಡೆಯಾಗಿ, ಈಗ ಆ ಗೋಡೆ ಉದುರಿ, ಅದೇ ಇಂದ್ರಿಯವರ್ಗದ ಇನ್ನೊಂದು ಜೀವಿಯ ಮುರಿದ ಕವಚಕ್ಕೆ ಸೇರುತ್ತಿದೆ! ಬಸದಿಯ ನಿರ್ಮಾಣದಲ್ಲಿಯೂ ಆರಂಭೀ ಹಿಂಸೆಯಿದೆಯೆಂದು ಶಾಸ್ತ್ರಕಾರರು ಏಕೆ ಹೇಳಿದರೆಂಬುದು ಆ ದಿನ ನನಗೆ ಸರಿಯಾಗಿ ಅರ್ಥವಾಯಿತು.

ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಒದ್ದೆಮಣ್ಣು, ಹಲಸಿನ ತರಗೆಲೆ, ಮುಳ್ಳುಸೌತೆಯ ಹೋಳು, ಗಾರೆಯ ಚೂರು ಇವಿಷ್ಟನ್ನು ಇಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಬಸದಿಯ ಹೂವಿನ ಕೋಣೆಯ ಹಿಂದಿನ ಮಾಡದಡಿಯಲ್ಲಿ ಇರಿಸಿದೆವು. ನಾಲ್ಕು ದಿನ ಅದು ಚಲಿಸಲಿಲ್ಲ. ಐದನೆಯ ದಿನ ಮುಂಜಾನೆ ಸೌತೆಯ ಮೇಲೆ ಕೆರೆದ ಗುರುತು ಕಾಣಿಸಿತು. ಶ್ರಾವಣದ ಮಧ್ಯದಲ್ಲಿ ಬಿರುಕಿನ ಕೆಳಗೆ ಈರುಳ್ಳಿ ಸಿಪ್ಪೆಯಂತಹ ತೆಳುವಾದ, ಬಣ್ಣವಿಲ್ಲದ ಪದರ ಹುಟ್ಟಿಕೊಂಡಿತು. ನಮ್ಮ ಇಂದ್ರರು ಪೂಜೆ ಮುಗಿಸಿ ಬಂದು ನೋಡಿ, ರೋಗಿ ಹೇಗಿದ್ದಾನೆಂದು ದಿನವೂ ವಿಚಾರಿಸುವುದು ರೂಢಿಯಾಯಿತು.

ಅದೇ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಹುಕಾಲದ ಗಿರಾಕಿಯೊಬ್ಬರು ಅಂಗಡಿಗೆ ಬಂದು, "ಹತ್ತು ಕಿಲೋ ಕಲ್ಲುಪ್ಪು ಕೊಡಿ ಮಾರಾಯ್ರೆ, ತೋಟ ಪೂರಾ ಶಂಖದ ಹುಳ" ಎಂದರು. ರಾತ್ರಿ ದೀಪ ಹಿಡಿದು ಹುಳುಗಳನ್ನು ಹೆಕ್ಕಿ ಉಪ್ಪುನೀರಿನ ಬಕೇಟಿಗೆ ಹಾಕುವುದು ಈಗ ಅಡಿಕೆ ತೋಟದವರ ಮಳೆಗಾಲದ ಕೆಲಸ. ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಈ ದೊಡ್ಡ ಜಾತಿಯ ಹುಳು ನಮ್ಮ ನಾಡಿನದಲ್ಲ. ಮೂಲ ಆಫ್ರಿಕಾ ಖಂಡದ ಪೂರ್ವ ತೀರ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿಯು ಮಾರಿಷಸ್ ದ್ವೀಪದಿಂದ ತಂದ ಹುಳುಗಳನ್ನು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದರಿಂದ ಇದು ಭಾರತಕ್ಕೆ ಕಾಲಿಟ್ಟಿತು. ಈಗ ಕೊಡಗಿನ ಕಾಫಿ ತೋಟಗಳವರೆಗೂ, ಕರಾವಳಿಯ ಅಡಿಕೆ ಬಾಳೆಗಳವರೆಗೂ ಹಬ್ಬಿದೆ. ಒಂದು ಸಲಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆಯಿಡುತ್ತದೆ. ಎಳೆಯ ಸಸಿಗಳನ್ನು, ಹಿಂಗಾರವನ್ನು ಕೆರೆದು ತಿನ್ನುತ್ತದೆ. ಸಾಲ ಮಾಡಿ ತೋಟ ಎಬ್ಬಿಸಿದವನ ಮುಂದೆ ದ್ವೀಂದ್ರಿಯದ ಉಪದೇಶವನ್ನು ಮಾಡುವ ಧೈರ್ಯ ಯಾರಿಗಿದೆ?

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದು ಹೇಳಲಾಗಿದೆ. ಶ್ರಾವಕಾಚಾರ ಗ್ರಂಥಗಳಲ್ಲಿ ನಿಷಿದ್ಧವಾದ ವ್ಯಾಪಾರಗಳ ಪಟ್ಟಿಯೊಂದಿದೆ. ವಿಷದ ವ್ಯಾಪಾರ ಅದರಲ್ಲಿ ಸೇರಿದೆ. ಹುಳು ಕೊಲ್ಲುವ ಮದ್ದಿನ ಕಾಳುಗಳನ್ನು ನಾನು ಅಂಗಡಿಯಲ್ಲಿ ಇಡುವುದಿಲ್ಲ. ಆದರೆ ಉಪ್ಪು ವಿಷವೇ? ಅನ್ನಕ್ಕೆ ಹಾಕುವ ಉಪ್ಪೇ ಬಕೇಟಿಗೂ ಹೋಗುತ್ತದೆ. ಯಾವುದಕ್ಕೆಂದು ಕೇಳದೆ ಕೊಟ್ಟಿದ್ದರೆ ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಹೋಗುತ್ತಿತ್ತೇನೋ; ಅವರು ತಾವಾಗಿಯೇ ಹೇಳಿಬಿಟ್ಟಿದ್ದರು. ಕೊಡದಿದ್ದರೆ ಪಕ್ಕದ ಅಂಗಡಿಯಲ್ಲಿ ದೊರೆಯುತ್ತದೆ. ಆ ದಿನ ನಾನು ಉಪ್ಪನ್ನು ಕೊಟ್ಟೆನು. ಕೊಡುವಾಗ ಕೈ ತಡೆಯಿತೆಂಬುದೂ ನಿಜ, ಕೊಟ್ಟೆನೆಂಬುದೂ ನಿಜ. ಅದರ ಹಣವನ್ನು ಬೇರೆ ಡಬ್ಬಿಗೆ ಹಾಕಿದೆನು. ಅದರಿಂದ ಪರಿಹಾರವಾಯಿತೆಂದು ನಾನು ವಾದಿಸುವುದಿಲ್ಲ.

ಮುಂದಿನ ವಾರದಿಂದ ಹೀಗೆ ಕೇಳಿಬಂದ ಗಿರಾಕಿಗಳಿಗೆ ತಿಳಿದವರಿಂದ ಕೇಳಿಕೊಂಡ ಕೆಲವು ವಿಷಯಗಳನ್ನು ಹೇಳತೊಡಗಿದೆನು: ತೋಟದಲ್ಲಿ ಕಸದ ರಾಶಿ, ಕೊಳೆತ ಸೋಗೆಗಳನ್ನು ಬಿಡಬೇಡಿ, ಅಲ್ಲಿಯೇ ಅವು ಹಗಲು ಅಡಗುವುದು, ಸಸಿಯ ಬುಡದ ಸುತ್ತ ಒಣ ಬೂದಿಯನ್ನೋ ಮರದ ಹುಡಿಯನ್ನೋ ಹಾಕಿ, ಮಳೆಗೆ ತೊಳೆದರೆ ಮತ್ತೆ ಹಾಕಿ. ಬೂದಿ ಹಾಕಿದಲ್ಲಿ ಹುಳುಗಳು ದಾಟುವುದು ಕಡಿಮೆ, ಸಾಯುವುದೂ ಕಡಿಮೆ. ಇಬ್ಬರು ಒಪ್ಪಿದರು. ಒಬ್ಬರು ನಕ್ಕು, ನಮ್ಮ ಕಡೆಯ ಮಳೆಯಲ್ಲಿ ಬೂದಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿ, ಉಪ್ಪನ್ನೇ ಕೊಂಡುಹೋದರು. ಅವರ ಮಾತಿನಲ್ಲಿಯೂ ಸತ್ಯವಿತ್ತು.

ಭಾದ್ರಪದದ ದಶಲಕ್ಷಣ ಪರ್ವದ ಹೊತ್ತಿಗೆ ಮಡಕೆಯ ಹುಳುವಿನ ಚಿಪ್ಪಿನ ಅಂಚು ಪೂರ್ಣವಾಗಿ ಕೂಡಿಕೊಂಡಿತು. ಹೊಸತಾಗಿ ಬೆಳೆದ ಭಾಗ ಒರಟಾಗಿ, ಬಿಳಿಚಿಕೊಂಡು, ಹಳೆಯ ಕಂದು ಗೆರೆಗಳಿಗೆ ಹೊಂದದೆ ತೇಪೆ ಹಾಕಿದಂತೆ ಕಾಣುತ್ತದೆ. ಈಗ ಅದನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಎದ್ದಿತು. ತೋಟದ ಬದಿಗೆ ಬಿಟ್ಟರೆ ಉಪ್ಪಿನ ಬಕೇಟು ಕಾದಿದೆ. ಹಾಡಿಗೆ ಬಿಟ್ಟರೆ ಅಲ್ಲಿಯ ಮೂಲಜಾತಿಯ ಸಣ್ಣ ಹುಳುಗಳ ಆಹಾರಕ್ಕೆ ಸಂಚಕಾರ ತರಬಹುದು, ಮೊಟ್ಟೆಯಿಟ್ಟು ಹಬ್ಬಲೂಬಹುದು; ಹೊರಗೆ ಬಿಡಲೇಬಾರದೆಂದು ಕೃಷಿ ಬಲ್ಲವರು ಹೇಳಿದರು. ಖಂಭಾತಿನ ಆ ವೃದ್ಧರು ಇಲಿಮರಿಗಳನ್ನು ದೊಡ್ಡದು ಮಾಡಿ ಎಲ್ಲಿ ಬಿಟ್ಟರೋ, ಆ ಬೀದಿಯ ಧಾನ್ಯದ ವರ್ತಕರು ಏನೆಂದರೋ, ದೆಲ್ಲಾ ವಾಲೆ ಬರೆದಿಲ್ಲ. ಕೊನೆಗೆ ತಾಯಿಯವರು, ಅದರ ಆಯುಷ್ಯ ಇರುವಷ್ಟು ದಿನ ಮಡಕೆಯಲ್ಲಿಯೇ ಇರಲಿ ಎಂದು ತೀರ್ಮಾನಿಸಿದರು.

ಕಾರ್ತಿಕದಲ್ಲಿ ಗಾಳಿ ಒಣಗಿದಂತೆ ಅದು ಆಹಾರವನ್ನು ಬಿಟ್ಟು, ಚಿಪ್ಪಿನ ಬಾಯಿಗೆ ಬಿಳಿಯ ಪೊರೆಯೊಂದನ್ನು ಕಟ್ಟಿಕೊಂಡು ಒಳಗೆ ಸೇರಿತು. ಸತ್ತಿತೆಂದು ನಾವು ಗಾಬರಿಯಾದೆವು. ಇದು ಬೇಸಗೆಯ ನಿದ್ರೆ, ಮಳೆ ಬಂದಾಗ ಏಳುತ್ತದೆ ಎಂದು ವೈದ್ಯರು ತಿಳಿಸಿದರು. ಮಹೋತ್ಸವದ ನಿಮಿತ್ತ ಹೂವಿನ ಕೋಣೆಗೆ ಬರುವ ಸ್ವಯಂಸೇವಕರಲ್ಲಿ ನನ್ನದೊಂದು ವಿನಂತಿ: ಹಿಂಬದಿಯ ಮಾಡದಡಿಯಲ್ಲಿ ಬಟ್ಟೆ ಕಟ್ಟಿದ ಮಡಕೆಯೊಂದಿದೆ. ಅದನ್ನು ಖಾಲಿ ಮಡಕೆಯೆಂದು ಎತ್ತಬಾರದು. ಅದಕ್ಕೆ ನೀರು ಬೇಡ, ಮೊದಲ ಮಳೆ ಬಿದ್ದ ದಿನ ಬಟ್ಟೆಯ ಮೇಲೆ ನಾಲ್ಕು ಹನಿ ಚಿಮುಕಿಸಲು ಇಂದ್ರರಿಗೆ ಹೇಳಿಟ್ಟಿದ್ದೇನೆ.